ಮರದ ಹೆಸರಿಗೆ ಹತ್ತೊಂಬತ್ತು ದಿನ

ಹಿತಕಿದ ಬೇಳೆ ಸಾರಿಗೆಂದು ಹಿತ್ತಿಲ ಜಗಲಿಯಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದೆ. ಅರ್ಧ ಪಾತ್ರೆ ಆಗಿತ್ತು. ಮೊಸರು ಮಾರುವ ನಿಂಗವ್ವ ಬಂದು ತಲೆಯ ಮೇಲಿನ ಮಡಕೆ ಇಳಿಸಿದಳು, ಸಿಂಬೆಯನ್ನು ಪಕ್ಕಕ್ಕಿಟ್ಟಳು, ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಅಮ್ಮಾವ್ರೆ, ಗರಗಸದ ತಾತ ಓಗ್ಬುಟ್ರಂತೆ ಕಣ್ರವ್ವ. ಅವ್ರ ಹಾಡಿ ಮುಂದ್ಲಿಂದ್ಲೇ ಬಂದೆ. ಮಧ್ಯಾನದ ಮೇಲೆ ಮಣ್ಣು ಮಾಡ್ತಾರಂತೆ."

"ಏನಾಗಿತ್ತಂತೆ?"

"ಏನೂ ಇಲ್ಲ. ರಾತ್ರಿ ಉಂಡು ಮಲ್ಗವ್ರೆ, ಎದ್ದಿಲ್ಲ. ನರಳ್ದೆ ಓದ್ರು ಬುಡಿ. ಅದೊಂದು ಪುಣ್ಯ."

ಅವಳು ಮೊಸರು ಅಳೆದು ಕೊಟ್ಟು ಹೋದಳು. ನಾನು ಮತ್ತೆ ಕಾಳಿಗೆ ಕೈ ಹಾಕಿದೆ. ಸತ್ತವರ ಸುದ್ದಿ ಕೇಳಿ ಮೊದಲು ಶಿವನ ಹೆಸರು ಹೇಳಬೇಕು, ಅದು ನನಗೆ ಗೊತ್ತು. ಆದರೆ ನನಗೆ ಮೊದಲು ಬಂದದ್ದು ಸಿಟ್ಟು. ಹೋಗುವ ಮುಂಚೆ ಒಂದು ಸಲ ನಮ್ಮ ಮನೆಯ ಮೆಟ್ಟಿಲು ಹತ್ತಿ ಹೋಗಬಾರದಿತ್ತೇ ಈ ಮನುಷ್ಯ? ಐದು ವರ್ಷದಿಂದ ಹೇಳಿಕಳಿಸಿದ್ದೆಷ್ಟು ಸಲ! ಆಮೇಲೆ ಶಿವಶಿವಾ ಅಂದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಆ ಹೆಸರಿಗೆ ಆದ ನಷ್ಟವೇ ಸಾಕು. ಹುಣಸೂರಿನಲ್ಲಿ ಎಲ್ಲರೂ ಅವರನ್ನು ಗರಗಸದ ತಾತ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಊರು ಹೆಗ್ಗಡದೇವನಕೋಟೆ ರಸ್ತೆಯಲ್ಲಿ ಕಾಡಿನ ಅಂಚಿಗಿರುವ ಒಂದು ಹಾಡಿ, ಕಾಡುಜನರ ಕೇರಿ. ಅಲ್ಲಿಂದ ದಿನಾ ನಡೆದು ಬಂದು ನಮ್ಮ ಯಜಮಾನರು ಗುಮಾಸ್ತರಾಗಿದ್ದ ಮರದ ಡಿಪೋದಲ್ಲಿ ದಿಮ್ಮಿ ಕೊಯ್ಯುತ್ತಿದ್ದರು. ಉದ್ದನೆಯ ಗರಗಸಕ್ಕೆ ಇಬ್ಬರು ಬೇಕು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಹಾಕಿ ಒಬ್ಬ ಅದರ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ಎಳೆಯುತ್ತಾನೆ. ಮೇಲಿನವನಿಗೆ ಗಾಳಿ, ಕೆಳಗಿನವನಿಗೆ ಹೊಟ್ಟು. ತಾತ ಜೀವಮಾನವೆಲ್ಲ ಗುಂಡಿಯೊಳಗಿನವರು. ಮರದ ಹೊಟ್ಟನ್ನು ಅವರಷ್ಟು ತಿಂದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಆದ್ದರಿಂದಲೇ ಮರದ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಡಿಪೋಗೆ ಬಂದ ದಿಮ್ಮಿಯ ಜಾತಿಯ ಬಗ್ಗೆ ಕೊಳ್ಳುವವರಿಗೂ ಮಾರುವವರಿಗೂ ಜಗಳವಾದರೆ ಸಾಹುಕಾರರು ಗುಂಡಿಯ ಕಡೆ ತಿರುಗಿ ಕೂಗುತ್ತಿದ್ದರಂತೆ. ತಾತ ಮೇಲೆ ಬಂದು ದಿಮ್ಮಿಗೆ ಉಗುರು ಊರಿ, ಮೂಸಿ, ಹೆಸರು ಹೇಳಿ ಮತ್ತೆ ಗುಂಡಿಗೆ ಇಳಿಯುತ್ತಿದ್ದರಂತೆ. ಆಮೇಲೆ ಯಾರೂ ಉಸಿರೆತ್ತುತ್ತಿರಲಿಲ್ಲವಂತೆ.

ಹೇಗೆ ಗೊತ್ತಾಗುತ್ತದೆ ಎಂದು ನಾನೇ ಒಮ್ಮೆ ಕೇಳಿದ್ದೆ.

"ಮತ್ತಿ ಹೊಟ್ಟು ಗಂಟ್ಲು ಒಣಗಿಸ್ತದೆ. ಹೊನ್ನೆದು ಬೆವರಿಗೆ ಸಿಕ್ಬುಟ್ರೆ ಬನೀನೆಲ್ಲ ಅರಿಶ್ಣ. ತೇಗ ನಾಲ್ಗೆ ಮ್ಯಾಲೆ ಎಣ್ಣೆ ಎಣ್ಣೆ. ಬೀಟೆ ಮಾತ್ರ ಮೂಗ್ಗೆ ಸಿಹಿ, ಕಣ್ಗೆ ಉರಿ."

"ಮಾವು?"

"ಮಾವು ಮರವಾ? ಅದು ಕಟ್ಗೆ ಕಣವ್ವ" ಎಂದು ನಕ್ಕರು. ನಮ್ಮ ಅಡುಗೆಮನೆಯ ಬಾಗಿಲು ಮಾವಿನದು. ಅದಕ್ಕೆ ಒರಗಿಕೊಂಡೇ ಈ ಮಾತು.

ಅವರ ಅಭ್ಯಾಸಗಳೂ ಹೀಗೇ ಮೈ ಉರಿಸುವಂಥವು. ಯಾವ ಮನೆಗೆ ಹೋದರೂ ಮೊದಲು ಬಾಗಿಲವಾಡದ ಮೇಲೆ ಅಂಗೈ ಇಟ್ಟು ನಿಲ್ಲುವುದು. ಒಳಗಿನವರು ಬನ್ನಿ ಎಂದರೂ ಕೇಳಿಸದು. ಕುರ್ಚಿ ಕೊಟ್ಟರೆ ಅದನ್ನು ಮಗುಚಿ ಕಾಲು ನೋಡುವುದು, ಆಮೇಲೆ ನೆಲದ ಮೇಲೆ ಕೂರುವುದು. ನನ್ನ ತೌರಿನಿಂದ, ಕೃಷ್ಣರಾಜನಗರದಿಂದ, ತಂದ ಒನಕೆಯನ್ನು ಎತ್ತಿ ನೋಡಿ, "ಇದ್ನ ಕೊಟ್ಟೋರು ಯಾರವ್ವ, ಮೋಸ ಮಾಡವ್ರೆ" ಎಂದುಬಿಟ್ಟರು. ಕೊಟ್ಟವರು ನಮ್ಮಪ್ಪ. ಎರಡು ದಿನ ನನಗೆ ಮಾತಾಡಲು ಮನಸ್ಸಾಗಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ. ಒಂದು ಪ್ರಶ್ನೆಗೆ ನೇರವಾಗಿ ಹೌದು, ಇಲ್ಲ ಎಂದು ಅವರ ಬಾಯಿಂದ ಹೊರಡಿಸುವುದಕ್ಕಿಂತ ಹೊಸ ಕರುವಿಗೆ ಹಗ್ಗ ಕಲಿಸುವುದು ಸುಲಭ.

ನಮಗೆ ಬೇಕಾಗಿದ್ದದ್ದು ಅಂಥದೇ ಒಂದು ಮಾತು. ಹೌದೋ ಇಲ್ಲವೋ.

ನಮ್ಮ ಮನೆಯಲ್ಲಿ ದೇವರ ಮನೆ ಮಹಡಿಯ ಮೇಲಿದೆ, ಅಡುಗೆಮನೆಯ ನೆತ್ತಿಗೆ. ದೇವರ ತಲೆಯ ಮೇಲೆ ಯಾರೂ ಓಡಾಡಬಾರದೆಂದು ನಮ್ಮ ಮಾವನವರು ಹಾಗೆ ಕಟ್ಟಿಸಿದರು. ನೆಲ ಮರದ ಹಲಗೆಯದು. ನಮ್ಮ ಅತ್ತೆ ಪ್ರತಿ ಸೋಮವಾರ ಹುಚ್ಚೆಳ್ಳೆಣ್ಣೆಗೆ ದೀಪದ ಮಸಿ ಕಲೆಸಿ ಹಳೆ ಸೀರೆ ಚೂರಿನಿಂದ ಆ ಹಲಗೆಗಳನ್ನು ತಿಕ್ಕುತ್ತಿದ್ದರು. ಅವರು ತೀರಿದ ಮೇಲೆ ನಾನು ತಿಕ್ಕಿದೆ. ಮೂವತ್ತು ವರ್ಷ ತಿಕ್ಕಿ ತಿಕ್ಕಿ ನೆಲ ಕಪ್ಪಾಗಿ, ದೀಪ ಹಚ್ಚಿದರೆ ಜ್ವಾಲೆ ಒಳಗೂ ಕಾಣುವಷ್ಟು ಹೊಳೆಯುತ್ತಿತ್ತು. ಕೆಳಗಿನ ಮೈ ಅಡುಗೆಮನೆ ಹೊಗೆಗೆ ಇನ್ನೂ ಕಪ್ಪು. ಯಾವ ಮರ ಎಂದು ಯಾರೂ ಕೇಳಿದವರಿಲ್ಲ. ಮಾವನವರಿಗೆ ಗೊತ್ತಿದ್ದಿರಬಹುದು, ಅವರು ಇರಲಿಲ್ಲ. ನೆಲ ಹಾಸುವಾಗ ನಮ್ಮ ಯಜಮಾನರು ಚಿಕ್ಕ ಹುಡುಗ, ಮಿರ್ಲೆಯಲ್ಲಿ ಅಜ್ಜಿಯ ಮನೆಯಲ್ಲಿದ್ದರು.

ಐದು ವರ್ಷದ ಹಿಂದೆ, ಕಾರ್ತಿಕದ ಕಡೆಯ ಸೋಮವಾರ ಡಿಪೋ ಸಾಹುಕಾರರನ್ನು ಪ್ರಸಾದಕ್ಕೆ ಕರೆದೆವು. ಅವರು ಹಳೆಯ ಸಾಹುಕಾರರ ಮಗ. ಮರದ ಧಾರಣೆ ಬಲ್ಲರು, ಮರ ಬಲ್ಲವರಲ್ಲ. ಹೊಸ್ತಿಲಲ್ಲಿ ನಿಂತು ಮಂಗಳಾರತಿ ತೆಗೆದುಕೊಂಡು, ಕೆಳಗೆ ನೋಡಿದರು.

"ಏನ್ ಗುಮಾಸ್ತರೇ, ದೇವರ ಮನೆಗೆ ಬೀಟೆ ಹಾಸಿಬಿಟ್ಟಿದ್ದೀರಿ! ನಮ್ಮ ಮನೇಲೂ ಇಲ್ವಲ್ಲ ಇಂಥ ನೆಲ" ಎಂದು ನಕ್ಕರು. ನಾವೂ ನಕ್ಕೆವು. ನಾನಂತೂ ಹಿಗ್ಗಿ ಇನ್ನೊಂದು ಹೋಳಿಗೆ ಬಡಿಸಿದೆ.

ಮಾರನೆಯ ದಿನ ಬೆಳಿಗ್ಗೆ ಹೋದ ಯಜಮಾನರು ಹತ್ತು ಗಂಟೆಗೇ ಮನೆಗೆ ಬಂದರು. ಕೋಟು ಬಿಚ್ಚದೆ ನಡುಮನೆಯಲ್ಲಿ ಕೂತರು. ಡಿಪೋದಲ್ಲಿ ಎರಡು ವರ್ಷದಿಂದ ಬೀಟೆ ಹಲಗೆ ಕಡಿಮೆ ಬೀಳುತ್ತಿದೆಯಂತೆ. ಬೀಗದ ಕೈ ಇರುವುದು ಗುಮಾಸ್ತರ ಹತ್ತಿರವಂತೆ. ನಮ್ಮ ತಂದೆ ಹಾಕಿಸಿದ ನೆಲ, ಅಗ್ಗದ ಮತ್ತಿಯೇ ಇರಬೇಕು ಎಂದು ಇವರು ಹೇಳಿದರೆ, "ಹಾಕಿಸಿರಬಹುದು. ನಡುವೆ ಬದಲಾಯಿಸಿರಲೂಬಹುದು. ತಾತ ಬಂದು ನೋಡಿ ಹೇಳಲಿ. ಅಲ್ಲಿವರೆಗೆ ಮನೇಲಿರಿ" ಎಂದರಂತೆ ಸಾಹುಕಾರರು.

"ಅಷ್ಟೇ ತಾನೆ? ನಾಳೆ ತಾತ ಬಂದು ನೋಡ್ತಾರೆ, ನಾಡಿದ್ದು ನೀವು ಕೆಲಸಕ್ಕೆ ಹೋಗ್ತೀರಿ" ಎಂದೆ ನಾನು.

"ಬೀಟೆ ಅಂದುಬಿಟ್ಟರೆ?"

"ಹೇಗಂತಾರೆ? ಮಾವನವರು ಬೀಟೆ ತರೋ ಅಂಥವರಾ?"

"ಬೀಟೆ ಅಂದರೆ ಹುಣಸೂರಿನಲ್ಲಿ ಇನ್ನು ಯಾವ ಮಂಡಿಯವರೂ ನನ್ನ ಕೈಗೆ ಬೀಗದ ಕೈ ಕೊಡಲ್ಲ ಕಣೇ" ಎಂದರು. ಅವರು ನನ್ನ ಎದುರು ಹಾಗೆ ದನಿ ಇಳಿಸಿ ಮಾತಾಡಿದ್ದು ಅದೇ ಮೊದಲು.

ಆ ಸಂಜೆ ನಾನು ಮಾಡಿದ್ದೇನು? ಮನೆಗೆ ನೆಲ ನೋಡಲು ಬರುತ್ತಾರಲ್ಲ, ಅಚ್ಚುಕಟ್ಟಾಗಿರಲಿ ಎಂದು ಎರಡು ಬಟ್ಟಲು ಎಣ್ಣೆಗೆ ಮಸಿ ಕಲೆಸಿ ಇಡೀ ನೆಲವನ್ನು ಮತ್ತೊಂದು ಸಲ ತಿಕ್ಕಿದೆ.

ತಾತ ಬಂದರು. ಬಾಗಿಲವಾಡಕ್ಕೆ ಅಂಗೈ ಇಟ್ಟು ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಮೇಲೆ ಕರೆದುಕೊಂಡು ಹೋದೆ. ದೇವರ ಮನೆಯ ಹೊಸ್ತಿಲ ಹೊರಗೆ ಒಂದು ಮಣೆ ಹಾಕಿ, "ಇಲ್ಲಿಂದಲೇ ನೋಡಿ ತಾತ" ಎಂದೆ. ಯಾಕೆ ಹಾಗೆಂದೆ ಎಂದು ಯಾರೂ ಕೇಳಬೇಕಾಗಿಲ್ಲ. ಹಾಡಿಯವರನ್ನು ದೇವರ ಮನೆಯೊಳಗೆ ಬಿಡುವ ಪದ್ಧತಿ ನಮ್ಮ ಅತ್ತೆಯ ಕಾಲದಲ್ಲಿ ಇರಲಿಲ್ಲ, ನನಗೂ ಅದಕ್ಕಿಂತ ಹೆಚ್ಚು ಬುದ್ಧಿ ಇರಲಿಲ್ಲ. ಅವರು ಬೇಸರಪಡಲಿಲ್ಲ. ಕೂತು, ಕೈ ಚಾಚಿ, ಹತ್ತಿರದ ಹಲಗೆಯನ್ನು ಬೆರಳಲ್ಲಿ ಮುಟ್ಟಿ ಬೆರಳನ್ನು ಮೂಗಿಗಿಟ್ಟುಕೊಂಡರು.

"ಎಣ್ಣೆ ಹಾಕ್ಬುಟ್ಟಿದ್ದೀರಲ್ಲವ್ವ."

"ಅದಕ್ಕೇನೀಗ? ಮರ ಮರವೇ ತಾನೆ?"

"ಎಣ್ಣೆ ಇಳೀಲಿ. ನಾಕ್ ದಿನ ಬುಟ್ಟು ಬತ್ತೀನಿ."

"ಒಂದು ಮೂಲೇಲಿ ಉಳಿ ತಾಕಿಸಿ ನೋಡಿದರೆ?" ಎಂದರು ಯಜಮಾನರು.

"ದೇವರ ಮನೆ ನೆಲಕ್ಕೆ ಉಳಿಯಾ?" ಎಂದು ನಾನು ಹೌಹಾರಿದೆ. ತಾತ ನನ್ನನ್ನು ನೋಡಿ, ಅವರನ್ನು ನೋಡಿ, "ಅವ್ವ ಬ್ಯಾಡ ಅಂತದೆ. ಬುಡಿ" ಎಂದು ಮೆಟ್ಟಿಲಿಳಿದರು.

ನಾಲ್ಕು ದಿನ ಬಿಟ್ಟು ಬಂದರು. ಬೆರಳು ಬಾಗಿಸಿ ಗೆಣ್ಣಿನಿಂದ ಹಲಗೆಯನ್ನು ಕುಟ್ಟಿದರು, ಕಿವಿಗೊಟ್ಟರು. ಮೋಡ ಮುಚ್ಚಿತ್ತು. "ಥಂಡಿ ಹಿಡ್ದ ಮರ ಸದ್ದು ಮಾಡಾಕಿಲ್ಲ" ಎಂದರು. ಕಾಫಿ ಕುಡಿದರು, ಹೋದರು. ಮತ್ತೆ ಬಂದರು. ನಮ್ಮ ಹಸುವಿನ ಕೆಚ್ಚಲು ಬಾತಿದ್ದನ್ನು ನೋಡಿ ಯಾವುದೋ ಸೊಪ್ಪು ತಂದು ಅರೆದು ಹಚ್ಚಿದರು. ಹಸು ಗುಣವಾಯಿತು, ಅದು ಶಿವನ ದಯೆ. ನೆಲದ ಮಾತೇ ಇಲ್ಲ. ಇನ್ನೊಂದು ದಿನ ಬಂದು ರಾವಂದೂರಿನ ಕಡೆ ಒಂದು ಹಲಸಿನ ಮರ ಸಿಡಿಲಿಗೆ ಸೀಳಿದ ಕಥೆ ಹೇಳುತ್ತಾ ಅರ್ಧ ಗಂಟೆ ಕೂತರು. ನಾನು ರೊಟ್ಟಿ ತಟ್ಟುತ್ತಾ ಹಲ್ಲು ಕಚ್ಚಿಕೊಂಡೆ.

"ತಾತ, ನೆಲ."

"ಆಂ?"

"ನಮ್ಮ ನೆಲ, ತಾತ. ಮತ್ತಿಯೋ ಬೀಟೆಯೋ?"

"ನೋಡವ ಕಣವ್ವ" ಎಂದು ಎದ್ದರು. ಹಾಕಿದ ರೊಟ್ಟಿ ಹಾಗೇ ಬಿಟ್ಟು ಹೋದರು.

ಮನೆಯಲ್ಲಿ ಯಜಮಾನರು ಹಗಲಿಡೀ ಕೂತಿರುವುದೆಂದರೆ ಏನೆಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಪಕ್ಕದ ಮನೆಯವರು "ಯಾಕೆ, ಮೈ ಹುಷಾರಿಲ್ವಾ?" ಎಂದು ದಿನಕ್ಕೊಮ್ಮೆ ವಿಚಾರಿಸಿದರು. ಬಾವಿಕಟ್ಟೆಯಲ್ಲಿ ನಾನು ಹೋದಾಗ ಮಾತು ನಿಲ್ಲತೊಡಗಿತು. ನಾನು ಇದ್ದದ್ದನ್ನೇ ಎಣಿಸಿಕೊಂಡೆ. ಕಣಜದಲ್ಲಿ ರಾಗಿ ಇತ್ತು. ಹಿತ್ತಿಲಲ್ಲಿ ಸೀಮೆಬದನೆ ಬಳ್ಳಿ ಬೇಡವೆಂದರೂ ಬಿಡುತ್ತಿತ್ತು. ಮಗಳಿಗೆ ಶಾಲೆಯಲ್ಲಿ ಯಾರೂ ಇನ್ನೂ ಏನೂ ಅಂದಿರಲಿಲ್ಲ. ಎಣಿಸಿ ಎಣಿಸಿ, ಕೊನೆಗೆ ಎಣಿಕೆಯೆಲ್ಲ ಆ ಮುದುಕರ ಮೇಲಿನ ಸಿಟ್ಟಿಗೆ ಬಂದು ನಿಲ್ಲುತ್ತಿತ್ತು. ಡಿಪೋದಲ್ಲಿ ಉಗುರು ಊರಿದ ಕೂಡಲೇ ಹೆಸರು ಹೇಳುವ ಮನುಷ್ಯನಿಗೆ ನಮ್ಮ ಮನೆಯಲ್ಲಿ ಮಾತ್ರ ಏನು ದಾಡಿ?

"ನೀನು ಹೊಸ್ತಿಲಾಚೆ ಕೂರಿಸಿದರೆ ಅವರಿಗೇನು ಕಾಣುತ್ತೆ?" ಎಂದರು ಯಜಮಾನರು ಒಂದು ದಿನ.

ಅದೂ ಸರಿ ಎನ್ನಿಸಿತು. ಹದಿನೆಂಟನೆಯ ದಿನ ದೇವರನ್ನೆಲ್ಲ ಇಳಿಸಿ ಅಡುಗೆಮನೆಯ ಗೂಡಿನಲ್ಲಿಟ್ಟು, ಮೇಲಿನ ಕೋಣೆ ಖಾಲಿ ಮಾಡಿದೆ. ಮಾರನೆಯ ಬೆಳಿಗ್ಗೆ ಯಜಮಾನರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮಂಡಿಯೊಂದರಲ್ಲಿ ಕೆಲಸ ಕೇಳಲು ಮೊದಲ ಬಸ್ಸಿಗೆ ಹೊರಟರು. ಅವರು ಹೋದ ಮೇಲೆ ತಾತ ಬಂದರು.

"ಒಳಗೆ ಬನ್ನಿ. ದೇವರನ್ನ ಕೆಳಗಿಳಿಸಿದ್ದೀನಿ. ಇವತ್ತು ಹೇಳದೆ ನೀವು ಮೆಟ್ಟಿಲಿಳಿಯೋ ಹಾಗಿಲ್ಲ" ಎಂದೆ. ನನ್ನ ದನಿ ಏರಿಯೇ ಇತ್ತು.

ಅವರು ಹೊಸ್ತಿಲು ದಾಟಿದರು. ಒಂದು ಬಟ್ಟೆ ಚೂರನ್ನು ಬಿಸಿನೀರಿಗೆ ಅದ್ದಿ ಕೊಡಲು ಹೇಳಿದರು, ಕೊಟ್ಟೆ. ಬಾಗಿಲ ಕಡೆಯಿಂದ ಹಲಗೆ ಹಲಗೆಯನ್ನೇ ಉಜ್ಜುತ್ತಾ, ಬಗ್ಗಿ ಮೂಸುತ್ತಾ, ಮಂಡಿಯ ಮೇಲೆ ಹೋದರು.

"ಮತ್ತಿ" ಎಂದರು. ಮುಂದಿನದು. "ಮತ್ತಿ." ಮುಂದಿನದು. "ಇದೂ ಮತ್ತಿಯೇ."

ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕೆ ಇಷ್ಟು ದಿನವೇ! ದೇವರ ಪೀಠವಿದ್ದ ಜಾಗದ ಮುಂದೆ ಬಂದು ನಿಂತರು. ಅಲ್ಲಿ ನಾನು ದಿನಾ ಪೂಜೆಗೆ ಕೂರುವ ಎರಡು ಹಲಗೆ. ಅವನ್ನು ಅವರು ಉಜ್ಜಲಿಲ್ಲ. ಪಕ್ಕದಲ್ಲಿ ಕೂತರು.

"ಇವೆಲ್ಡು ಬೀಟೆ."

"ಉಜ್ಜಿ ನೋಡದೇ ಹೇಗೆ ಹೇಳ್ತೀರಿ?"

"ನೋಡೋದೇನೈತವ್ವ. ನಾನೇ ಕೊಯ್ದಿದ್ದು. ನಾನೇ ತಂದು ಆಸಿದ್ದು. ಈ ಮನೆಗೆ ದೇವ್ರು ಬರಕ್ಕೂ ಮೊದ್ಲು ನಾನು ಇಲ್ಲೇ ಮಲ್ಗಿದ್ದೆ."

ಆಮೇಲೆ ಹೇಳಿದರು. ಜೀವಮಾನದಲ್ಲಿ ಅವರು ಸುತ್ತಿ ಬಳಸದೆ ಹೇಳಿದ್ದು ಅದೊಂದೇ ಇರಬೇಕು. ಮೂವತ್ತು ವರ್ಷದ ಹಿಂದೆ ನಮ್ಮ ಮಾವನವರು ಹಳೆಯ ಸಾಹುಕಾರರ ಡಿಪೋದಿಂದ ಮತ್ತಿಯ ಹಲಗೆ ಕೊಂಡರು. ಹಾಸುವ ಕೆಲಸ ತಾತನದು. ಬೆಳಗಾದರೆ ಗೃಹಪ್ರವೇಶ ಎನ್ನುವಾಗ ಎರಡು ಹಲಗೆ ಸೀಳಿಕೊಂಡವು. ಮತ್ತಿ ಸರಿಯಾಗಿ ಒಣಗದಿದ್ದರೆ ಹಾಗೆ ಸೀಳುತ್ತದಂತೆ. ದೇವರನ್ನು ಕೂರಿಸುವ ಜಾಗದ ಮುಂದೆಯೇ ತೂತು. ಡಿಪೋದಲ್ಲಿ ಬೇರೆ ಒಣ ಮತ್ತಿ ಇರಲಿಲ್ಲ, ಎರಡು ಬೀಟೆ ಹಲಗೆ ಇದ್ದವು. ಯಾರನ್ನೂ ಕೇಳದೆ ತಂದು ಹಾಸಿದರು. ಮತ್ತಿ ಒಣಗಿದ ಮೇಲೆ ಬದಲಾಯಿಸಿ, ಬೀಟೆಯನ್ನು ಇದ್ದಲ್ಲೇ ಇಟ್ಟರಾಯಿತು ಎಂದುಕೊಂಡಿದ್ದರು. ಆದರೆ ದೇವರು ಬಂದು ಕೂತ ಮೇಲೆ ಆ ಕೋಣೆಯೊಳಕ್ಕೆ ಅವರನ್ನು ಯಾರು ಬಿಟ್ಟಾರು? ನಮ್ಮ ಅತ್ತೆ ಬಿಡಲಿಲ್ಲ.

"ಮಾವನವರಿಗೆ ಗೊತ್ತಿತ್ತಾ?"

"ಇಲ್ಲ ಕಣವ್ವ. ಯಾವ ಮರ ಅಂತ ಕೇಳುದ್ರು. ಒಳ್ಳೆ ಮರ ಅಂದೆ. ಹೆಸ್ರು ಹೇಳ್ನಿಲ್ಲ."

ಅದೇ ವರ್ಷ ಹಳೆಯ ಸಾಹುಕಾರರು ಗರಗಸದವರಿಗೆಲ್ಲ ಅವರನ್ನೇ ಮುಖ್ಯಸ್ಥ ಮಾಡಿದರಂತೆ, ನಂಬಿಕೆಯ ಆಳು ಎಂದು. ಅಲ್ಲಿಂದ ಬಾಯಿ ಕಟ್ಟಿತು.

"ಮೊದಲ ದಿನವೇ ಗೊತ್ತಿತ್ತು ನಿಮಗೆ. ನಮ್ಮನ್ನ ಇಷ್ಟು ದಿನ ಯಾಕೆ ಉರಿಸಿದಿರಿ?"

"ಎದ್ರಿಕೆ ಕಣವ್ವ. ಇನ್ನೇನು."

ಇನ್ನು ನಾನು ಮಾಡಿದ್ದನ್ನು ಬರೆಯುತ್ತೇನೆ. ದೇವರನ್ನು ಕೆಳಗಿಳಿಸಿದ್ದೆನಲ್ಲ, ಆ ಧೈರ್ಯವಿತ್ತೇನೋ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದೆ: "ತಾತ, ಎಲ್ಲಾ ಮತ್ತಿ ಅಂದುಬಿಡಿ. ನಿಮ್ಮ ಮಾತಿನ ಮೇಲೆ ಯಾರೂ ಮತ್ತೆ ಬಂದು ನೋಡಲ್ಲ. ಇವರ ಕೆಲಸ ಉಳಿಯುತ್ತೆ. ನಿಮ್ಮ ಮರ್ಯಾದೆನೂ ಉಳಿಯುತ್ತೆ. ನಾನು ಸಾಯೋವರೆಗೂ ಬಾಯಿ ಬಿಡಲ್ಲ."

ಅವರು ಆ ಹಲಗೆಯ ಅಂಚನ್ನು ಸವರಿದರು. ಒಪ್ಪಿಕೊಳ್ಳುತ್ತಾರೆ ಎಂದೇ ಅಂದುಕೊಂಡೆ.

"ಕದ್ದಿದ್ದೀನಿ, ಸರಿ. ಮರಕ್ಕೆ ಸುಳ್ಳು ಹೆಸ್ರು ಇಟ್ಟಿಲ್ಲ ಕಣವ್ವ. ಬೀಟೆನ ಮತ್ತಿ ಅಂತ ಒಂದ್ ಸಲ ಅಂದ್ಬುಟ್ರೆ, ಆಮ್ಯಾಕೆ ನಾನೇನಂದ್ರೂ ನಂಗೇ ನಂಬ್ಕೆ ಬರಾಕಿಲ್ಲ."

"ನಿಮ್ಮ ಹೆಂಡತಿ ಮಕ್ಕಳ ಮುಖ ನೋಡಿಯಾದ್ರೂ..."

"ಬಾಯಿ ಬರಾಕಿಲ್ಲವ್ವ. ನಾನೂ ನೋಡ್ದೆ. ಇಷ್ಟು ದಿನ ಅದನ್ನೇ ನೋಡ್ದೆ. ದಾರೀಲಿ ಬರೋವಾಗ ಮತ್ತಿ, ಮತ್ತಿ ಅಂತ ಅನ್ಕೊಂಡೇ ಬತ್ತೀನಿ. ನಿಮ್ಮ ಬಾಗ್ಲು ಮುಟ್ಟಿದ್ರೆ ಬರಾಕಿಲ್ಲ."

ನನಗೆ ಬಂದ ಕೋಪಕ್ಕೆ ಮಿತಿಯಿರಲಿಲ್ಲ. ಎಂಥ ಹಟಮಾರಿ ಮುದುಕ ಎಂದು ಎದುರಿಗೇ ಅಂದೆ. ನಮ್ಮ ಮನೆ ಹಾಳುಮಾಡಲು ಹುಟ್ಟಿದವರು ಎಂದೂ ಅಂದೆ. ಅವರು ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಊಟಕ್ಕೆ ಕರೆಯಲಿಲ್ಲ ನಾನು. ಕರೆದಿದ್ದರೂ ಏಳುತ್ತಿರಲಿಲ್ಲ. ಮಧ್ಯಾಹ್ನ ಯಜಮಾನರು ಪಿರಿಯಾಪಟ್ಟಣದಿಂದ ಬರಿಗೈಯಲ್ಲಿ ಬಂದಾಗ, "ಬನ್ನಿ ಬುದ್ಧಿ, ಡಿಪೋತಕೆ ಓಗವ" ಎಂದು ಅವರನ್ನು ಕೂರಲೂ ಬಿಡದೆ ಕರೆದುಕೊಂಡು ಹೋದರು.

ಗರಗಸದವರು, ಗಾಡಿಯವರು, ಮರ ಕೊಳ್ಳಲು ಬಂದವರು, ಎಲ್ಲರ ಎದುರು ಹೇಳಿದರಂತೆ. ನೆಲವೆಲ್ಲ ಮತ್ತಿ, ಎರಡು ಹಲಗೆ ಬೀಟೆ, ನಿಮ್ಮ ತಂದೆಯ ಕಾಲದಲ್ಲಿ ನಾನೇ ಎತ್ತಿದ್ದು, ಗುಮಾಸ್ತರು ಆಗ ಲಂಗೋಟಿ ಹುಡುಗ ಎಂದು. ಸಾಹುಕಾರರು ಕೂಗಾಡಲಿಲ್ಲವಂತೆ. "ನಾಳೆಯಿಂದ ಬರಬೇಡ" ಎಂದಷ್ಟೇ ಹೇಳಿದರಂತೆ. ಆಮೇಲೆ ನಮ್ಮ ಯಜಮಾನರ ಕಡೆ ತಿರುಗಿ, "ಹಲಗೆ ಅಲ್ಲೇ ಇರಲಿ ಗುಮಾಸ್ತರೇ, ದೇವರ ಮನೆಯದು" ಎಂದರಂತೆ. ಎರಡು ವರ್ಷದಿಂದ ಕಡಿಮೆ ಬಿದ್ದ ಹಲಗೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಯಜಮಾನರು ಮಾರನೆಯ ದಿನ ಕೆಲಸಕ್ಕೆ ಹೋದರು. ಊರೆಲ್ಲ ಒಂದು ತಿಂಗಳು ಸಾಹುಕಾರರ ದೊಡ್ಡತನವನ್ನು ಕೊಂಡಾಡಿತು. ತಾತನ ಬಗ್ಗೆ ಊರು ಆಡಿದ್ದು ಬೇರೆ. ಮರ ನೋಡಿ ಹೆಸರು ಹೇಳಲು ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಕಳ್ಳನ ಮಾತಿಗೆ ಏನು ಬೆಲೆ ಎಂದರು. ಬೆಲೆ ಇದ್ದದ್ದೇ ಆ ಮಾತಿಗೆ ಎಂದು ಯಾರಿಗೂ ಹೊಳೆಯಲಿಲ್ಲ. ಹೇಳೋಣವೆಂದರೆ ನನ್ನ ಬಾಯಲ್ಲಿ ಏನಿತ್ತು? ನಾನು ಸುಳ್ಳು ಹೇಳಿ ಎಂದವಳು.

ಹೇಳಿಕಳಿಸಿದೆ. ಹಬ್ಬಕ್ಕೆ ಕರೆದೆ, ಮಗಳ ಮದುವೆಗೆ ಕರೆದೆ. ಬರಲಿಲ್ಲ. ಒಮ್ಮೆ ಸಂತೆಯಲ್ಲಿ ಸಿಕ್ಕರು, ಕಟ್ಟಿಗೆ ಹೊರೆ ಮಾರುತ್ತಾ ಕೂತಿದ್ದರು. ನಾನು ಎದುರಿಗೆ ನಿಂತು, "ತಾತ, ಅವತ್ತು ನಾನು..." ಎಂದು ಶುರುಮಾಡಿದೆ. ಅವರು ನನ್ನ ಚೀಲದೊಳಗಿಂದ ಇಣುಕುತ್ತಿದ್ದ ಹೊಸ ಮುದ್ದೆಕೋಲನ್ನು ಎಳೆದುಕೊಂಡು ಮೂಸಿದರು.

"ಏನಂತ ಕೊಟ್ರು?"

"ಹೊನ್ನೆ ಅಂತ."

"ನೀರ್ಗೆ ಹಾಕಿ ನೋಡಿ. ನೀರು ಬಣ್ಣ ಬುಟ್ರೆ ಹೊನ್ನೆ. ಬುಡಾಕಿಲ್ಲ ಇದು."

"ತಾತ, ನಾನು ಹೇಳ್ತಾ ಇರೋದು..."

"ವಾಪಸ್ ಕೊಟ್ಬುಡಿ ಅವ್ವ. ಬಿಸಿಲು ಏರ್ತದೆ, ನಡೀರಿ ಮನೆಗೆ."

ಅಷ್ಟೇ. ಮನೆಗೆ ಬಂದು ನೀರಿಗೆ ಹಾಕಿದೆ. ನೀರು ತಿಳಿಯಾಗಿಯೇ ಉಳಿಯಿತು. ಅಂಥ ಮನುಷ್ಯನ ಹತ್ತಿರ ಕ್ಷಮೆ ಕೇಳುವುದಾದರೂ ಹೇಗೆ?

ಅವರು ಮಾಡಿದ್ದು ಸರಿಯೋ ಎಂದು ನನಗೆ ಈಗಲೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ಮಾತು ಬದಲಿಸಿದ್ದರೆ ಎರಡು ಮನೆಯೂ ತಣ್ಣಗಿರುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಆ ಎರಡು ಹಲಗೆಯ ಮೇಲೆ ಕೂತು ಕಣ್ಣು ಮುಚ್ಚಿದರೆ, ಶಿವನಿಗಿಂತ ಮೊದಲು ಆ ಮುದುಕರು ನೆನಪಾಗುತ್ತಾರೆ. ಇದೂ ಒಂದು ಕಾಟ.

ಇವತ್ತು ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದರು. ಬಡಿಸುತ್ತಾ ಸುದ್ದಿ ಹೇಳಿದೆ. ಅವರಿಗೆ ಡಿಪೋದಲ್ಲೇ ಗೊತ್ತಾಗಿತ್ತು.

"ಹೊರಟಿದ್ದೀರಾ?" ಎಂದೆ.

"ಹೇಗೆ ಹೊರಡ್ಲಿ? ಮೈಸೂರಿಂದ ಗಿರಾಕಿ ಬರ್ತಾರೆ ಮೂರು ಗಂಟೆಗೆ. ಡಿಪೋದಿಂದ ಯಾರೂ ಹೋಗ್ತಾ ಇಲ್ಲ. ನಾನೊಬ್ಬ ಹೋದರೆ ಸಾಹುಕಾರರು ಏನಂದ್ಕೊಳ್ತಾರೋ."

ಸಾರು ಹಾಕುತ್ತಿದ್ದ ಸೌಟು ನನ್ನ ಕೈಯಲ್ಲೇ ನಿಂತಿತು.

"ನೀವು ಇವತ್ತು ಕೂತ್ಕೊಂಡು ಉಣ್ತಾ ಇರೋ ಕೆಲಸ ಯಾರು ಉಳಿಸಿದ್ದು?"

"ಅದು ನನಗೆ ಗೊತ್ತಿಲ್ವಾ?"

"ಗೊತ್ತಿದ್ದರೆ ಸರಿ. ನೀವು ಹೋಗದಿದ್ದರೆ ನಾನು ಹೋಗ್ತೀನಿ. ಗುಮಾಸ್ತರ ಹೆಂಡತಿ ಒಬ್ಬಳೇ ಹಾಡಿಗೆ ನಡ್ಕೊಂಡು ಹೋದಳು ಅಂತ ಊರು ಆಡಿಕೊಳ್ಳಲಿ. ಆಗ ಸಾಹುಕಾರರು ಏನಂದ್ಕೊಳ್ತಾರೆ ನೋಡೋಣ."

ಅವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಕೈ ತೊಳೆದು, ಕೋಟು ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಡಿಪೋ, ಬಲಕ್ಕೆ ಹಾಡಿಗೆ ಹೋಗುವ ಕೋಟೆ ರಸ್ತೆ. ಅಲ್ಲಿ ಹೋಗಿ ಅವರು ನಿಂತರು. ಜೇಬಿನಿಂದ ಡಿಪೋ ಬೀಗದ ಕೈ ತೆಗೆದು ನೋಡಿ ಮತ್ತೆ ಇಟ್ಟುಕೊಂಡರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಬಲಕ್ಕೆ ತಿರುಗಿದರು.

ಇಷ್ಟಾಯಿತಲ್ಲ ಶಿವನೇ, ಸಾಕು ಎಂದುಕೊಂಡು ಒಳಗೆ ಬಂದೆ. ಅವರ ಎಲೆ ಎತ್ತಿ ಹಸುವಿನ ಮುಂದೆ ಹಾಕಿ, ಸಗಣಿ ನೀರು ಕಲೆಸಿ, ಉಂಡ ಜಾಗ ಸಾರಿಸಿದೆ.